ಕಿಟ್ ಕಾರಿನ ವೇಗ ಹೆಚ್ಚಿಸಲು ಯಾವುದು ಮೊದಲು: ಗೇರೋ, ಬ್ಯಾಟರಿಯೋ, ಮೋಟಾರೋ?

ರೇಡಿಯೊ ನಿಯಂತ್ರಿತ ಕಾರೊಂದನ್ನು ತಾವೇ ಕೂತು ಜೋಡಿಸಿ ಓಡಿಸಿದವರಿಗೆ, ಮೂರನೆಯದೋ ನಾಲ್ಕನೆಯದೋ ಭಾನುವಾರದ ಹೊತ್ತಿಗೆ, ಇದು ಇಷ್ಟೇ ವೇಗವೇ ಎಂಬ ಅಸಮಾಧಾನ ಹುಟ್ಟದೆ ಇರುವುದಿಲ್ಲ. ಆಮೇಲೆ ಸಲಹೆಗಳಿಗೇನೂ ಬರವಿಲ್ಲ. ಒಬ್ಬರು ದೊಡ್ಡ ಪಿನಿಯನ್ (ಮೋಟಾರಿನ ತುದಿಯ ಪುಟ್ಟ ಗೇರು) ಹಾಕು ಎನ್ನುತ್ತಾರೆ, ಇನ್ನೊಬ್ಬರು ಲೈಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಎನ್ನುತ್ತಾರೆ, ಅಂಗಡಿಯವರು ಬ್ರಷ್‌ಲೆಸ್ (ಕರೆಂಟು ದಾಟಿಸಲು ಉಜ್ಜುವ ಬ್ರಷ್ ಇಲ್ಲದ) ಮೋಟಾರಿನ ಪೆಟ್ಟಿಗೆಯನ್ನೇ ಮುಂದಿಡುತ್ತಾರೆ. ಕಳೆದ ಎರಡು ತಿಂಗಳಲ್ಲಿ ನನ್ನನ್ನೇ ಮೂವರು ಈ ಪ್ರಶ್ನೆ ಕೇಳಿದ್ದಾರೆ, ಮೂವರ ಬಳಿಯೂ ಇರುವುದು ತಮಿಯಾ ಕಂಪನಿಯ ಟಿಟಿ-02. ಹಾಗಾಗಿ ಈ ಬರಹದ ಲೆಕ್ಕಗಳೆಲ್ಲ ಆ ಕಾರಿನವು. ಬೇರೆ ಕಾರಿದ್ದವರು ತಮ್ಮ ಅಂಕಿಗಳನ್ನು ಅದೇ ಸೂತ್ರಕ್ಕೆ ಹಾಕಿಕೊಂಡರೆ ಸಾಕು.

ಟಿಟಿ-02 ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ನಿಜವಾದ ಕಾರಿನ ಹತ್ತನೇ ಒಂದರ ಅಳತೆ, ಶಾಫ್ಟ್ ಮೂಲಕ ನಾಲ್ಕೂ ಚಕ್ರಕ್ಕೆ ಚಾಲನೆ, ಸಾಮಾನ್ಯವಾಗಿ 540 ಗಾತ್ರದ ಬ್ರಷ್ ಮೋಟಾರು. ಮೋಟಾರಿನ ತುದಿಯಲ್ಲಿ 22 ಹಲ್ಲಿನ ಪಿನಿಯನ್, ಅದಕ್ಕೆ ಕೂಡುವ ಸ್ಪರ್ ಗೇರಿಗೆ 70 ಹಲ್ಲು, ಒಳಗಿನ ಗೇರುಗಳ ಅನುಪಾತ 2.6. ಎಪ್ಪತ್ತನ್ನು ಇಪ್ಪತ್ತೆರಡರಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27 ಬರುತ್ತದೆ, ಅಂದರೆ ಮೋಟಾರು 8.27 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಟೈರಿನ ವ್ಯಾಸ ಸುಮಾರು 64 ಮಿಲಿಮೀಟರ್ ಎಂದು ಹಿಡಿದರೆ ಒಂದು ಸುತ್ತಿಗೆ ಕಾರು 20 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಕಿಟ್‌ನ ಮೋಟಾರು 7.2 ವೋಲ್ಟ್‌ನಲ್ಲಿ ಹೊರೆಯಿಲ್ಲದೆ ನಿಮಿಷಕ್ಕೆ ಸುಮಾರು 15,000 ಸುತ್ತು ತಿರುಗುತ್ತದೆ ಎಂದುಕೊಂಡರೆ ಗಂಟೆಗೆ ಹತ್ತಿರ ಹತ್ತಿರ 22 ಕಿಲೋಮೀಟರ್ ಆಯಿತು. ವೇಗ ಹೆಚ್ಚಿಸುವ ದಾರಿಗಳೆಲ್ಲ ಈ ಗುಣಾಕಾರದ ಯಾವುದಾದರೊಂದು ಅಂಕಿಯನ್ನು ಬದಲಿಸುವ ದಾರಿಗಳೇ. ಆದರೆ ಯಾವ ಅಂಕಿ ಬದಲಿಸಿದರೂ ಅದರ ಬೆಲೆಯನ್ನು ಕಾರಿನ ಇನ್ನೊಂದು ಭಾಗ ತೆರುತ್ತದೆ, ಮತ್ತು ಹೆಚ್ಚಿನವರು ತಪ್ಪುವುದು ಅಲ್ಲಿಯೇ.

ಯಾವುದರಿಂದ ತೂಗಬೇಕು

ಮೊದಲನೆಯ ಅಳತೆಗೋಲು ಶಾಖ. ಮೋಟಾರು ಐದು ನಿಮಿಷ ಓಡಿದ ಮೇಲೆ ಅದರ ಹೊರಮೈ 70 ಡಿಗ್ರಿಯೊಳಗೆ ಇದ್ದರೆ ನೆಮ್ಮದಿ, 80 ದಾಟಿದರೆ ಏನೋ ಸರಿಯಿಲ್ಲವೆಂದು ಅರ್ಥ. ಇದಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ, ಹಣೆಯ ಮುಂದೆ ಹಿಡಿಯುವ ಸಾಧನ ಮೈಜ್ವರದ ಮಿತಿಯನ್ನು ದಾಟಿ ಓದುವುದಿಲ್ಲವಾದ್ದರಿಂದ ಇಲ್ಲಿಗೆ ಆಗದು. ಇನ್ನೊಂದು ಸಣ್ಣ ವಿಷಯ: ಬೆಳ್ಳಿಬಣ್ಣದ ಹೊಳೆಯುವ ಮೋಟಾರಿನ ಮೈಯನ್ನು ಇಂತಹ ಥರ್ಮಾಮೀಟರ್ ಇರುವುದಕ್ಕಿಂತ ತಣ್ಣಗೆ ತೋರಿಸುತ್ತದೆ. ಹೆಬ್ಬೆರಳ ಉಗುರಿನಷ್ಟು ಕಪ್ಪು ಇನ್ಸುಲೇಶನ್ ಟೇಪನ್ನು ಮೋಟಾರಿಗೆ ಅಂಟಿಸಿ, ಅದರ ಮೇಲೆ ಗುರಿಯಿಟ್ಟರೆ ನಿಜವಾದ ಅಂಕಿ ಸಿಗುತ್ತದೆ.

ಎರಡನೆಯದು ನಿಮಗಿರುವ ಜಾಗದ ಉದ್ದ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಂಬದಿಂದ ಕಂಬಕ್ಕೆ, ಕಾರುಗಳ ಸಾಲಿನ ನಡುವೆ, 30 ಮೀಟರ್ ನೇರ ದಾರಿ ಸಿಕ್ಕಿತೆಂದರೆ ದೊಡ್ಡದು. ಅದರಲ್ಲಿ ವೇಗ ಏರಲು ಅರ್ಧ, ಬ್ರೇಕಿಗೆ ಅರ್ಧ. ಅಂತಹ ಜಾಗದಲ್ಲಿ 60 ಕಿಲೋಮೀಟರ್ ವೇಗದ ಕಾರಿಗೂ 35ರ ಕಾರಿಗೂ ಇರುವ ವ್ಯತ್ಯಾಸ ಗೋಡೆಗೆ ಬಡಿದಾಗ ಮಾತ್ರ ಗೊತ್ತಾಗುತ್ತದೆ. ಮೂರನೆಯದು ಜೊತೆಗೆ ಬದಲಿಸಬೇಕಾಗಿ ಬರುವ ಭಾಗಗಳು, ಏಕೆಂದರೆ ಹೊಸ ಭಾಗದ ಬೆಲೆಗಿಂತ ಅದು ಮುರಿಯುವ ಹಳೆಯ ಭಾಗಗಳ ಬೆಲೆ ಹೆಚ್ಚಾಗುವುದುಂಟು. ನಾಲ್ಕನೆಯದು ಹಣ, ಐದನೆಯದು ಮಾಡಿದ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುತ್ತದೆಯೇ ಎಂಬುದು.

ಏನನ್ನೇ ಕೊಳ್ಳುವ ಮೊದಲು ಈಗಿನ ವೇಗವನ್ನು ಅಳೆದಿಟ್ಟುಕೊಳ್ಳಬೇಕು. ನೆಲದ ಮೇಲೆ 10 ಮೀಟರ್ ಅಂತರದಲ್ಲಿ ಎರಡು ಸುಣ್ಣದ ಗೆರೆ ಎಳೆದು, ಫೋನನ್ನು ಪಕ್ಕದಲ್ಲಿ ದೂರವಿಟ್ಟು, ಸೆಕೆಂಡಿಗೆ 60 ಚೌಕಟ್ಟಿನ ವಿಡಿಯೊ ತೆಗೆದರೆ, ಕಾರಿನ ಮೂತಿ ಮೊದಲ ಗೆರೆಯಿಂದ ಎರಡನೆಯ ಗೆರೆಗೆ ಹೋಗಲು ಎಷ್ಟು ಚೌಕಟ್ಟು ಹಿಡಿಯಿತೆಂದು ಎಣಿಸಬಹುದು. 60 ಚೌಕಟ್ಟು ಹಿಡಿದರೆ ಗಂಟೆಗೆ 36 ಕಿಲೋಮೀಟರ್, 43 ಹಿಡಿದರೆ ಸುಮಾರು 50. ಫೋನನ್ನೇ ಕಾರಿಗೆ ಕಟ್ಟಿ ಜಿಪಿಎಸ್ ನೋಡುವವರಿದ್ದಾರೆ. ಒಂದೂವರೆ ಕಿಲೋ ತೂಕದ ಕಾರಿಗೆ ಇನ್ನೂರು ಗ್ರಾಂ ಹೇರಿ ಅದರ ವೇಗ ಅಳೆಯುವುದರಲ್ಲಿ ಅರ್ಥವಿಲ್ಲ, ಪಲ್ಟಿಯಾದರೆ ಫೋನೂ ಇಲ್ಲ.

ಬೇರಿಂಗ್: ಯಾರೂ ಕೇಳದ ಆಯ್ಕೆ

ಕೆಲವು ಕಿಟ್‌ಗಳಲ್ಲಿ ತಿರುಗುವ ಭಾಗಗಳಿಗೆ ಬಾಲ್ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಷ್, ಅಂದರೆ ಗುಂಡುಗಳಿಲ್ಲದ ಬರಿಯ ಬಳೆ ಇರುತ್ತದೆ. ಇವುಗಳ ಜಾಗಕ್ಕೆ ಹೆಚ್ಚಾಗಿ ಬೇಕಾಗುವುದು 11 ಮಿಲಿಮೀಟರ್ ಹೊರವ್ಯಾಸ, 5 ಮಿಲಿಮೀಟರ್ ಒಳವ್ಯಾಸದ ಸಣ್ಣ ಬೇರಿಂಗು. ಇಡೀ ಸೆಟ್ ಹಾಕಿದರೂ ವೇಗ ಕಣ್ಣಿಗೆ ಕಾಣುವಷ್ಟು ಏರದು. ಆದರೂ ಇದನ್ನೇ ನಾನು ಮೊದಲು ಹೇಳುವುದು ಏಕೆಂದರೆ, ಪ್ಲಾಸ್ಟಿಕ್ ಬುಷ್‌ಗೆ ಧೂಳು ಸೇರಿ ಸವೆದಾಗ ಶಾಫ್ಟ್ ಅಲ್ಲಾಡತೊಡಗುತ್ತದೆ, ಗೇರಿನ ಹಲ್ಲುಗಳು ಸರಿಯಾಗಿ ಕೂರುವುದಿಲ್ಲ, ಮುಂದೆ ಹಾಕುವ ಬಲಶಾಲಿ ಮೋಟಾರಿನ ಶಕ್ತಿಯೆಲ್ಲ ಘರ್ಷಣೆಯ ಶಾಖವಾಗಿ ಹೋಗುತ್ತದೆ. ಶಾಖ ಕಡಿಮೆ ಮಾಡುವ, ಬ್ಯಾಟರಿಯ ಓಟದ ಸಮಯವನ್ನೂ ಹೆಚ್ಚಿಸುವ ಬದಲಾವಣೆ ಈ ಪಟ್ಟಿಯಲ್ಲಿ ಇದೊಂದೇ.

ಗೇರ್: ಅಗ್ಗ, ಆದರೆ ಪುಕ್ಕಟೆಯಲ್ಲ

ಪಿನಿಯನ್ ಬದಲಿಸಲು ತಗಲುವುದು ಕೆಲವು ನೂರು ರೂಪಾಯಿ ಮತ್ತು ಅರ್ಧ ಗಂಟೆ, ಬೇಡವೆಂದರೆ ಹಳೆಯದನ್ನೇ ಮತ್ತೆ ಹಾಕಬಹುದು. ಅಗ್ಗವೆಂಬ ಕಾರಣಕ್ಕೇ ಇದು ಎಲ್ಲರ ಮೊದಲ ಪ್ರಯೋಗವಾಗುತ್ತದೆ. ಟಿಟಿ-02ರಲ್ಲಿ ಮೋಟಾರು ಕೂರುವ ತೂತುಗಳ ಸ್ಥಾನ ನಿಗದಿಯಾಗಿರುವುದರಿಂದ, ಪಿನಿಯನ್ ಮತ್ತು ಸ್ಪರ್‌ಗಳ ಹಲ್ಲುಗಳ ಮೊತ್ತ ಹೊಂದಬೇಕು. ಕಿಟ್‌ನ 70 ಮತ್ತು 22 ಸೇರಿ 92. 68 ಹಲ್ಲಿನ ಸ್ಪರ್‌ಗೆ 24 ಹಲ್ಲಿನ ಪಿನಿಯನ್ ಸೇರಿದರೂ 92, ಆದ್ದರಿಂದ ಅದೇ ಸ್ಥಾನದಲ್ಲಿ ಕೂರುತ್ತದೆ. ಅನುಪಾತ 8.27ರಿಂದ 7.37ಕ್ಕೆ ಇಳಿಯುತ್ತದೆ, ಲೆಕ್ಕದ ವೇಗ 22ರಿಂದ 24.5 ಕಿಲೋಮೀಟರಿಗೆ ಏರುತ್ತದೆ. ಕೊಳ್ಳುವಾಗ ಗಮನಿಸಬೇಕಾದ್ದು ಹಲ್ಲಿನ ಅಳತೆ: ಈ ಕಾರಿನದು 0.6 ಮಾಡ್ಯೂಲ್, ಆದರೆ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುವ ಹೆಚ್ಚಿನ ಪಿನಿಯನ್‌ಗಳು 48 ಪಿಚ್‌ನವು, ಅಂದರೆ ಸುಮಾರು 0.53 ಮಾಡ್ಯೂಲ್. ಎರಡನ್ನೂ ಅಕ್ಕಪಕ್ಕ ಹಿಡಿದರೆ ಒಂದೇ ಎನ್ನಿಸುತ್ತವೆ, ಕೂಡಿಸಿ ಓಡಿಸಿದರೆ ಮೊದಲ ಬ್ಯಾಟರಿ ಮುಗಿಯುವ ಮೊದಲೇ ಸ್ಪರ್‌ನ ಹಲ್ಲು ಹಿಟ್ಟಾಗುತ್ತದೆ.

ಇಷ್ಟಕ್ಕೂ ಗೇರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಅನುಪಾತ ಇಳಿದಷ್ಟೂ ಅದೇ ಕಾರನ್ನು ತಳ್ಳಲು ಮೋಟಾರು ಹೆಚ್ಚು ತಿರುಚುಬಲ ಕೊಡಬೇಕಾಗುತ್ತದೆ, ಹೆಚ್ಚು ತಿರುಚುಬಲವೆಂದರೆ ಹೆಚ್ಚು ಕರೆಂಟು, ಹೆಚ್ಚು ಕರೆಂಟೆಂದರೆ ಶಾಖ. ಅಲ್ಲದೆ ಹೊರೆ ಏರಿದಂತೆ ಸಣ್ಣ ಬ್ರಷ್ ಮೋಟಾರಿನ ಸುತ್ತುಗಳು ಕುಸಿಯುತ್ತವೆ. ಒಂದು ಹಂತ ದಾಟಿದ ಮೇಲೆ ಗೇರಿನಿಂದ ಗಳಿಸಿದ್ದಕ್ಕಿಂತ ಸುತ್ತಿನಲ್ಲಿ ಕಳೆದುಕೊಂಡದ್ದೇ ಹೆಚ್ಚಾಗಿ, ದೊಡ್ಡ ಪಿನಿಯನ್ ಹಾಕಿದ ಕಾರು ಮೊದಲಿಗಿಂತ ನಿಧಾನವಾಗಿ ಓಡುವುದೂ ಉಂಟು. ನನ್ನ ಹಿಂದಿನ ಕಾರೊಂದರಲ್ಲಿ ನಾನೇ ಇದನ್ನು ಮಾಡಿ ಕಲಿತೆ. ಒಂದೇ ಸಲಕ್ಕೆ ಐದು ಹಲ್ಲು ಏರಿಸಿ, ಹುಮ್ಮಸ್ಸಿನಲ್ಲಿ ನಾಲ್ಕು ನಿಮಿಷ ಬಿಡದೆ ಓಡಿಸಿದೆ; ಸುಟ್ಟ ವಾರ್ನಿಷ್‌ನ ವಾಸನೆ ಬಂದಾಗ ಕಪ್ಪು ಟೇಪಿನ ಮೇಲೆ 97 ಡಿಗ್ರಿ ಇತ್ತು. ಹಳೆಯ ಪಿನಿಯನ್ ಮತ್ತೆ ಹಾಕಿದರೂ ಆ ಮೋಟಾರು ಹಿಂದಿನ ಚುರುಕಿಗೆ ಮರಳಲಿಲ್ಲ, ಏಕೆಂದರೆ ಅತಿ ಶಾಖಕ್ಕೆ ಅಯಸ್ಕಾಂತ ದುರ್ಬಲವಾಗುತ್ತದೆ, ಬ್ರಷ್ ಉಜ್ಜುವ ತಾಮ್ರದ ಮೈಯೂ ಕೆಡುತ್ತದೆ. ಆಮೇಲಿಂದ ಒಂದೊಂದೇ ಹಲ್ಲು ಏರಿಸಿ, ಪ್ರತಿ ಸಲವೂ ಎರಡು ನಿಮಿಷಕ್ಕೊಮ್ಮೆ ಶಾಖ ನೋಡಿ ಮುಂದುವರಿಯುವ ಅಭ್ಯಾಸ ಇಟ್ಟುಕೊಂಡಿದ್ದೇನೆ.

ಪಿನಿಯನ್ ಉಕ್ಕಿನದಾಗಿರಲಿ. ಮೆತ್ತಗಿನ ಅಲ್ಯೂಮಿನಿಯಂ ಹಲ್ಲುಗಳು ಬೇಗ ಚೂಪಾಗಿ ಸವೆದು ಸ್ಪರ್ ಅನ್ನೂ ತಿನ್ನುತ್ತವೆ. ಬಿಗಿಯುವ ತಿರುಪು ಮೋಟಾರಿನ ಶಾಫ್ಟಿನ ಚಪ್ಪಟೆ ಭಾಗದ ಮೇಲೆಯೇ ಕೂತಿದೆಯೇ ಎಂದು ದೀಪ ಹಿಡಿದು ನೋಡಿ.

ಬ್ಯಾಟರಿ: ನಿಮ್ಹೋ ಲೈಪೊವೋ

ಕಿಟ್ ಕೊಂಡವರ ಬಳಿ ಸಾಮಾನ್ಯವಾಗಿ ಇರುವುದು ಆರು ಸೆಲ್‌ಗಳ 7.2 ವೋಲ್ಟ್ ನಿಮ್ಹ್ (ನಿಕಲ್ ಮೆಟಲ್ ಹೈಡ್ರೈಡ್) ಪ್ಯಾಕು. ಎರಡು ಸೆಲ್‌ನ ಲೈಪೊ, ಅಂದರೆ 2ಎಸ್, ಹೆಸರಿಗೆ 7.4 ವೋಲ್ಟ್, ಪೂರ್ತಿ ಚಾರ್ಜಾದಾಗ 8.4. ಅಂಕಿಯಲ್ಲಿ ವ್ಯತ್ಯಾಸ ಅಲ್ಪ, ಓಡಿಸಿದಾಗ ಅಲ್ಪವಲ್ಲ. ನಿಮ್ಹ್ ಪ್ಯಾಕಿನಿಂದ ಕರೆಂಟು ಜೋರಾಗಿ ಎಳೆದ ಕೂಡಲೇ ಅದರ ವೋಲ್ಟೇಜು ಕುಸಿಯುತ್ತದೆ, ಓಟದ ಕೊನೆಯ ಅರ್ಧದಲ್ಲಿ ಇನ್ನೂ ಮಂಕಾಗುತ್ತದೆ. ಲೈಪೊ ಬಹುಪಾಲು ಕೊನೆಯವರೆಗೂ ಗಟ್ಟಿಯಾಗಿ ನಿಲ್ಲುತ್ತದೆ, ತೂಕವೂ ಕಡಿಮೆ. ಮೋಟಾರು ಗೇರು ಒಂದನ್ನೂ ಮುಟ್ಟದೆ ವೇಗ ಪಡೆಯುವ ದಾರಿ ಇದು, ಮುಂದೆ ಬ್ರಷ್‌ಲೆಸ್ ಹಾಕಿದಾಗಲೂ ಅದೇ ಪ್ಯಾಕು ಉಪಯೋಗಕ್ಕೆ ಬರುತ್ತದೆ.

ಆದರೆ ಲೈಪೊಗೆ ಶಿಸ್ತು ಬೇಕು. ಒಂದೊಂದು ಸೆಲ್ಲೂ 3.2 ವೋಲ್ಟಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ತಮಿಯಾದ ಹಲವು ಕಿಟ್‌ಗಳೊಡನೆ ಬಂದ ಟಿಬಿಎಲ್‌ಇ-02ಎಸ್ ಎಂಬ ವೇಗನಿಯಂತ್ರಕದಲ್ಲಿ ಲೈಪೊಗೆ ಬೇಕಾದ ಕಟ್‌ಆಫ್ (ವೋಲ್ಟೇಜು ತೀರಾ ಇಳಿದಾಗ ತಾನಾಗಿ ನಿಲ್ಲಿಸುವ ವ್ಯವಸ್ಥೆ) ಇಲ್ಲದ್ದರಿಂದ, ಪ್ರತಿ ಸೆಲ್ಲಿನಿಂದ ಬರುವ ಬ್ಯಾಲೆನ್ಸ್ ತಂತಿಗೆ ಸಿಕ್ಕಿಸುವ ಪುಟ್ಟ ಬಜರ್ ಒಂದನ್ನು ಕೊಳ್ಳದೆ ಲೈಪೊ ಹಾಕಬಾರದು. ಬ್ಯಾಲೆನ್ಸ್ ಚಾರ್ಜರ್‌ನ ಖರ್ಚು ಬೇರೆ. ವಾರಗಟ್ಟಲೆ ಓಡಿಸದೆ ಇಡುವಾಗ ಸೆಲ್‌ಗೆ 3.8 ವೋಲ್ಟಿನ ಆಸುಪಾಸಿನಲ್ಲಿಡಬೇಕು, ಉಬ್ಬಿದ ಪ್ಯಾಕನ್ನು ಇನ್ನೊಂದು ಸಲವೂ ಚಾರ್ಜಿಗೆ ಹಾಕಬಾರದು. ಅಮೆರಿಕದಿಂದಲೋ ದುಬೈನಿಂದಲೋ ಬರುವ ನೆಂಟರ ಕೈಯಲ್ಲಿ ತರಿಸುವವರು, ಬಿಡಿ ಲೈಪೊ ಪ್ಯಾಕು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹೋಗುವಂತಿಲ್ಲವೆಂದು ಅವರಿಗೆ ಮೊದಲೇ ಹೇಳುವುದು ಒಳ್ಳೆಯದು. ತುದಿಗಳನ್ನು ಮುಚ್ಚಿ ಕೈಚೀಲದಲ್ಲಿಯೇ ತರಬೇಕು. ಪ್ಯಾಕಿನ ಮೇಲೆ ಬರೆದ ಸಿ ಅಂಕಿಯನ್ನು, ಅಂದರೆ ಅದರ ಆಂಪಿಯರ್-ಗಂಟೆಯ ಅಂಕಿಗೆ ಎಷ್ಟು ಪಟ್ಟು ಆಂಪಿಯರ್ ಕೊಡಬಲ್ಲದೆಂಬುದನ್ನು, ಅಕ್ಷರಶಃ ನಂಬಬೇಡಿ: 5000 ಎಂಎಎಚ್‌ನ 50ಸಿ ಪ್ಯಾಕು ಲೆಕ್ಕದಂತೆ 250 ಆಂಪಿಯರ್ ಕೊಡಬೇಕು, ಅದರ ತಂತಿಯ ದಪ್ಪ ನೋಡಿದರೇ ಆ ಮಾತಿನ ಬೆಲೆ ತಿಳಿಯುತ್ತದೆ.

ಬಿಳಿ ಪ್ಲಾಸ್ಟಿಕ್‌ನ ತಮಿಯಾ ಕನೆಕ್ಟರ್ ಕಿಟ್ ಮೋಟಾರಿಗೆ ಸಾಕು. ಅದಕ್ಕಿಂತ ಬಲವಾದದ್ದನ್ನು ಹಾಕುವ ದಿನ ಅದನ್ನು ಕತ್ತರಿಸಿ ಎಕ್ಸ್‌ಟಿ60 ಎಂಬ ಗಟ್ಟಿ ಕನೆಕ್ಟರ್ ಬೆಸೆಯಬೇಕು.

ಮೋಟಾರು: ನಿಜವಾದ ಜಿಗಿತ

ಇಲ್ಲಿ ಎರಡು ದಾರಿ. ತಮಿಯಾದ್ದೇ ಸ್ಪೋರ್ಟ್ ಟ್ಯೂನ್ಡ್‌ನಂತಹ ಚುರುಕಾದ ಬ್ರಷ್ ಮೋಟಾರು ಹಾಕುವುದು ಒಂದು. ಹಾಕುವುದು ಸುಲಭ, ದುಡ್ಡೂ ಕಡಿಮೆ, ಆದರೆ ಕೆಲವು ತಿಂಗಳಲ್ಲಿ ಬ್ರಷ್ ಸವೆಯುತ್ತದೆ. ಮುಚ್ಚಿದ ಡಬ್ಬಿಯ ಮೋಟಾರಾದ್ದರಿಂದ ಇಡಿಯಾಗಿ ಎಸೆಯಬೇಕು. ಅಂತಹ ಎರಡು ಮೋಟಾರು ಸುಟ್ಟ ಮೇಲೆ ಬ್ರಷ್‌ಲೆಸ್ಸಿಗೆ ಬಂದವರನ್ನು ಬಹಳ ನೋಡಿದ್ದೇನೆ. ಒಟ್ಟು ಖರ್ಚು ಲೆಕ್ಕ ಹಾಕಿದರೆ ಈ ನಡುವಿನ ಮೆಟ್ಟಿಲು ಹತ್ತದಿರುವುದೇ ಲೇಸು.

ಬ್ರಷ್‌ಲೆಸ್ ಎಂದರೆ ಮೋಟಾರು ಮತ್ತು ನಿಯಂತ್ರಕ ಎರಡನ್ನೂ ಕೊಳ್ಳಬೇಕು, ಕೆಲವು ಸಾವಿರ ರೂಪಾಯಿಯ ಮಾತು. ಇದರ ಮೇಲಿನ ಮುಖ್ಯ ಅಂಕಿ ಕೆವಿ: ಪ್ರತಿ ವೋಲ್ಟಿಗೆ ಹೊರೆಯಿಲ್ಲದೆ ಎಷ್ಟು ಸುತ್ತು ಎಂಬುದು. 3300 ಕೆವಿಯ ಮೋಟಾರು 7.4 ವೋಲ್ಟಿನಲ್ಲಿ 24,000 ದಾಟಿ ತಿರುಗುತ್ತದೆ. ಕಿಟ್‌ನ ಅದೇ 8.27 ಗೇರಿನಲ್ಲಿ ಲೆಕ್ಕದ ವೇಗ 35 ಕಿಲೋಮೀಟರ್, 7.37ರಲ್ಲಿ 40. ರಸ್ತೆಯ ಮೇಲೆ ಲೆಕ್ಕಕ್ಕಿಂತ ಐದರಲ್ಲೊಂದು ಪಾಲಿನವರೆಗೂ ಕಡಿಮೆ ಸಿಗಬಹುದು. ಆದರೂ ಇದು ಗೇರೊಂದನ್ನೇ ತಿದ್ದಿ ಎಂದಿಗೂ ತಲುಪಲಾಗದ ಜಾಗ, ಅದೂ ಮೋಟಾರು ತಣ್ಣಗಿರುವಾಗಲೇ. ಕೆವಿ ಹೆಚ್ಚಿದ್ದಷ್ಟೂ ಒಳ್ಳೆಯದೆಂದು 5000ದ ಮೋಟಾರಿಗೆ ಕೈಹಾಕಬೇಡಿ; ಒಂದೇ ಗಾತ್ರದ ಮೋಟಾರುಗಳಲ್ಲಿ ಕೆವಿ ಏರಿದಂತೆ ಪ್ರತಿ ಆಂಪಿಯರಿಗೆ ಸಿಗುವ ತಿರುಚುಬಲ ಇಳಿಯುತ್ತದೆ, ಆಗ ಪಿನಿಯನ್ ಚಿಕ್ಕದು ಮಾಡಬೇಕಾಗಿ ಬಂದು ಗಳಿಸಿದ್ದೆಲ್ಲ ವಾಪಸು ಹೋಗುತ್ತದೆ.

ಸೆನ್ಸರ್ (ಮೋಟಾರು ಎಷ್ಟು ತಿರುಗಿದೆ ಎಂದು ನಿಯಂತ್ರಕಕ್ಕೆ ತಿಳಿಸುವ ಸಾಧನ) ಇರುವ ಮೋಟಾರು ಬೇಕೇ ಎಂದು ಕೇಳುವವರಿಗೆ: ನಿಂತಲ್ಲಿಂದ ನಯವಾಗಿ ಹೊರಡಲು, ತಿರುವುಗಳಲ್ಲಿ ನಿಧಾನದ ಹಿಡಿತಕ್ಕೆ ಸೆನ್ಸರ್ ಚೆನ್ನ, ತುದಿವೇಗಕ್ಕೆ ಅದರಿಂದ ಲಾಭವಿಲ್ಲ. ನೇರ ಓಟವಷ್ಟೇ ಬೇಕಿದ್ದವರು ಆ ಹಣವನ್ನು ಒಳ್ಳೆಯ ಲೈಪೊಗೆ ಹಾಕಲಿ. ಬ್ರಷ್‌ಲೆಸ್ ಹಾಕಿದ ಮೇಲೆ ಟಿಟಿ-02ರ ಉದ್ದಕ್ಕೂ ಹೋಗುವ ಪ್ಲಾಸ್ಟಿಕ್ ಶಾಫ್ಟಿನ ಜಾಗಕ್ಕೆ ಅಲ್ಯೂಮಿನಿಯಂ ಶಾಫ್ಟ್ ಬಂದರೆ ನಡುಕ ಕಡಿಮೆಯಾಗುತ್ತದೆ, ಆ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ.

ಉಳಿದವು

ಮೂರು ಸೆಲ್‌ನ ಬ್ಯಾಟರಿ, ಅಂದರೆ 11.1 ವೋಲ್ಟ್ ಹಾಕಿದರೆ, 3300 ಕೆವಿ ಕಾಗದದ ಮೇಲೆ 53 ಕಿಲೋಮೀಟರ್ ತೋರಿಸುತ್ತದೆ. ನಿಯಂತ್ರಕ 3ಎಸ್ ತಾಳುತ್ತದೆಯೇ, ಪ್ಯಾಕು ಗೂಡಿನಲ್ಲಿ ಕೂರುತ್ತದೆಯೇ ಎಂಬ ಪ್ರಶ್ನೆಗಳಿಗಿಂತ ದೊಡ್ಡದು ಗಾಳಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 25ರಿಂದ 50ಕ್ಕೆ ಹೋಗಲು ಎರಡು ಪಟ್ಟಲ್ಲ, ಎಂಟು ಪಟ್ಟು. ಅದೇ ಗಾಳಿ ಬಾಡಿಯ ಮುಂಭಾಗದ ಕೆಳಗೆ ನುಗ್ಗಿ ಮೂತಿಯನ್ನು ಎತ್ತುತ್ತದೆ. ಬಾಡಿಯನ್ನು ತಗ್ಗಿಸುವುದು, ಮುಂದಿನ ಬಂಪರಿನ ಅಡಿಯ ಸಂದನ್ನು ಮುಚ್ಚುವುದು ಖರ್ಚಿಲ್ಲದ ಕೆಲಸ, 40 ದಾಟಿದವರಿಗೆ ಕಡ್ಡಾಯ. ಟೈರಿನ ವ್ಯಾಸ ಹೆಚ್ಚಿಸುವುದು ಪಿನಿಯನ್ ಹೆಚ್ಚಿಸಿದಂತೆಯೇ, ಬಾಡಿಗೆ ಉಜ್ಜುವುದೊಂದು ಹೆಚ್ಚುವರಿ ತಲೆನೋವು. ಆದರೆ ಟೈರನ್ನು ರಿಮ್ಮಿಗೆ ಸೂಪರ್ ಗ್ಲೂನಿಂದ ಸುತ್ತಲೂ ಅಂಟಿಸಿರಬೇಕು, ಇಲ್ಲದಿದ್ದರೆ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನಲ್ಲಿ ರಬ್ಬರು ಉಬ್ಬಿ ಕಳಚುತ್ತದೆ. ನಿಯಂತ್ರಕದ ಟೈಮಿಂಗ್ (ಮೋಟಾರಿನ ಸುರುಳಿಗಳಿಗೆ ಕರೆಂಟು ಕೊಡುವ ಗಳಿಗೆ) ಮುಂಚಿತವಾಗಿಸಿ ಸುತ್ತು ಗಳಿಸುವ ವಿದ್ಯೆ ಕೊನೆಯ ಮೆಟ್ಟಿಲು. ಶಾಖದ ಲೆಕ್ಕ ಕರಗತವಾಗದವರು ಅದನ್ನು ಮುಟ್ಟದಿರಲಿ.

ಒಂದೂವರೆ ಕಿಲೋ ತೂಕದ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೊತ್ತಿರುವ ಚಲನಶಕ್ತಿ ಸುಮಾರು 145 ಜೂಲ್; ವೇಗದ ಬೌಲರೊಬ್ಬ 140 ಕಿಲೋಮೀಟರಿನಲ್ಲಿ ಎಸೆದ ಕ್ರಿಕೆಟ್ ಚೆಂಡಿನದು ಸುಮಾರು 120. ಈ ಚೆಂಡು ಬರುವುದು ಮಗುವಿನ ಮೊಣಕಾಲಿನ ಎತ್ತರಕ್ಕೆ. ಸಿಗ್ನಲ್ ತಪ್ಪಿದರೆ ಕಾರು ತಾನಾಗಿ ಬ್ರೇಕ್ ಹಾಕುವಂತೆ ರಿಸೀವರಿನಲ್ಲಿ ಫೇಲ್‌ಸೇಫ್ ಹೊಂದಿಸಿ, ಚಕ್ರಗಳನ್ನು ಮೇಲೆತ್ತಿಟ್ಟು ರಿಮೋಟನ್ನು ಆರಿಸಿ ನೋಡಿ, ಆಮೇಲೆಯೇ ನೆಲಕ್ಕಿಳಿಸಬೇಕು.

ಯಾರಿಗೆ ಯಾವುದು

ಹತ್ತು ವರ್ಷದ ಮಗುವಿಗೆ ಕಟ್ಟಿಕೊಟ್ಟ ಕಾರು, ಓಡುವುದು ಬೇಸ್‌ಮೆಂಟಿನಲ್ಲಿ, ಖರ್ಚು ಮಾಡಲು ಮನಸ್ಸಿರುವುದು ಸಾವಿರ ಎರಡು ಸಾವಿರ ಎಂದಾದರೆ ಬೇರಿಂಗ್ ಸೆಟ್ಟು, 68ರ ಸ್ಪರ್, 24ರ ಉಕ್ಕಿನ ಪಿನಿಯನ್ ಸಾಕು. ಬ್ಯಾಟರಿ ನಿಮ್ಹ್ ಆಗಿಯೇ ಇರಲಿ, ಚಾರ್ಜಿಗೆ ಹಾಕಿ ಮರೆಯುವ ಮನೆಗೆ ಅದೇ ಕ್ಷೇಮ. ಬೇಸಿಗೆಯ ಮಧ್ಯಾಹ್ನ ಡಾಂಬರಿನ ಮೇಲೆ ಓಡಿಸುವವರಾದರೆ ಅದೇ ಗೇರಿಗೆ ಮೋಟಾರಿನ ಶಾಖ ಏರುತ್ತದೆ, 22ಕ್ಕೆ ಮರಳಲು ಹಳೆಯ ಪಿನಿಯನ್ ಮತ್ತು 70ರ ಸ್ಪರ್ ಎರಡನ್ನೂ ಎಸೆಯದೆ ಇಟ್ಟುಕೊಳ್ಳಿ.

ತಾವೇ ಓಡಿಸುವ, ವಾರಕ್ಕೊಮ್ಮೆ ಖಾಲಿ ಮೈದಾನದ ಸಿಮೆಂಟ್ ಅಂಗಳವೋ ಬಳಕೆಯಿಲ್ಲದ ಬಡಾವಣೆಯ ರಸ್ತೆಯೋ ಸಿಗುವ ವಯಸ್ಕರು ಗೇರಿಗೆ ದುಡ್ಡು ಹಾಕುವುದನ್ನು ಬಿಟ್ಟು ಬೇರಿಂಗ್, 2ಎಸ್ ಲೈಪೊ, 3300 ಕೆವಿ ಬ್ರಷ್‌ಲೆಸ್ ಜೋಡಿ, ಈ ಕ್ರಮದಲ್ಲಿ ಹೋಗಲಿ. ಎರಡು ಸಂಬಳದ ಅಂತರದಲ್ಲಿ ಕೊಂಡರೂ ಯಾವ ಭಾಗವೂ ವ್ಯರ್ಥವಾಗುವುದಿಲ್ಲ. ಪಿನಿಯನ್ ಕೊನೆಗೆ, ಮೋಟಾರು 60 ಡಿಗ್ರಿಯಲ್ಲೇ ನಿಂತಿದೆ ಎಂದು ಕಂಡರೆ ಮಾತ್ರ.

ಇನ್ನು ನೂರು ಕಿಲೋಮೀಟರ್ ಬೇಕೆನ್ನುವವರು. ಅಮೆರಿಕದ ನಿಕ್ ಕೇಸ್ ಎಂಬುವರ ಕಾರು 2014ರಲ್ಲಿ ಯೂಟಾದ ಸೇಂಟ್ ಜಾರ್ಜ್‌ನಲ್ಲಿ ಗಂಟೆಗೆ 325 ಕಿಲೋಮೀಟರ್ ದಾಟಿ ಗಿನ್ನೆಸ್ ದಾಖಲೆ ಮಾಡಿತ್ತು, ಆದರೆ ಅದು ವೇಗಕ್ಕೆಂದೇ ಅಡಿಯಿಂದ ಮುಡಿಯವರೆಗೆ ಕಟ್ಟಿದ ಯಂತ್ರ. ಟ್ರಾಕ್ಸಾಸ್ 2011ರಲ್ಲಿ ತಂದ ಎಕ್ಸ್‌ಒ-1 ಪೆಟ್ಟಿಗೆಯಿಂದ ತೆಗೆದು 160 ಕಿಲೋಮೀಟರ್ ಮುಟ್ಟುವಂತೆ ವಿನ್ಯಾಸಗೊಂಡಿತ್ತು. ಟಿಟಿ-02ರ ಪ್ಲಾಸ್ಟಿಕ್ ಡಿಫರೆನ್ಷಿಯಲ್ಲು, ತೆಳುವಾದ ತೊಟ್ಟಿಯಂತಹ ಚಾಸಿ ಅದಕ್ಕೆ ಹುಟ್ಟಿದವಲ್ಲ. ಒಂದೊಂದೇ ಭಾಗ ಬದಲಿಸುತ್ತ ಅಲ್ಲಿಗೆ ಹೊರಟರೆ ಅರ್ಧ ದಾರಿಯಲ್ಲೇ ಎರಡನೆಯ ಕಾರಿನ ಬೆಲೆ ಮುಗಿದಿರುತ್ತದೆ. ಅಂಥವರು ಈ ಕಾರನ್ನು ಇದ್ದ ಹಾಗೆಯೇ ಮಕ್ಕಳಿಗೆ ಬಿಟ್ಟು, ಆ ಹಣವನ್ನು ಆ ವೇಗಕ್ಕೆಂದೇ ಮಾಡಿದ ಚಾಸಿಗೆ ಕೂಡಿಡಲಿ, ಮತ್ತು ಕೊಳ್ಳುವ ಮೊದಲು ಅದನ್ನು ಓಡಿಸಲು ಇನ್ನೂರು ಮೀಟರ್ ಖಾಲಿ, ನುಣುಪು ರಸ್ತೆ ಎಲ್ಲಿದೆ ಎಂದು ಹುಡುಕಲಿ.